ಶಾಖೆಗೆ ಡೇ ಎಂಡ್ ಇದೆ, ತಲೆಗೆ ಇಲ್ಲ

ಪ್ರಶ್ನೆ: ನನಗೆ 41 ವರ್ಷ. ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ 15 ವರ್ಷಗಳಿಂದ ಇದ್ದೇನೆ. ಎರಡು ವರ್ಷದಿಂದ ಬಯಲುಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಶಾಖಾ ವ್ಯವಸ್ಥಾಪಕ. ಐವರು ಮಾಡಬೇಕಾದ ಕೆಲಸಕ್ಕೆ ಮೂವರಿದ್ದೇವೆ. ಠೇವಣಿ, ಚಿನ್ನದ ಸಾಲ, ವಸೂಲಾತಿ, ವಿಮೆ ಎಲ್ಲಕ್ಕೂ ಗುರಿ. ಸಂಜೆಯಾದರೆ ಪ್ರಾದೇಶಿಕ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದುಳಿದ ಶಾಖೆಗಳ ಪಟ್ಟಿ ಕೆಂಪು ಬಣ್ಣದಲ್ಲಿ ಬರುತ್ತದೆ. ಭಾನುವಾರ ಮಧ್ಯಾಹ್ನ ಕಳೆಯುತ್ತಿದ್ದಂತೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಎದೆ ಬಿಗಿದಂತಾಗಿ ಇಸಿಜಿ, ಎಕೋ ಮಾಡಿಸಿದೆ, ತೊಂದರೆಯಿಲ್ಲ ಎಂದರು. ಬಿಪಿ ಮಾತ್ರ 150/96 ಇತ್ತು. ನಿದ್ದೆಗೆಂದು ಸ್ನೇಹಿತರೊಬ್ಬರು ಹೇಳಿದ ಅಲ್ಪ್ರಜೋಲಮ್ ಮಾತ್ರೆಯನ್ನು ಮೂರು ತಿಂಗಳಿಂದ ದಿನಾ ರಾತ್ರಿ ನುಂಗುತ್ತಿದ್ದೇನೆ. ಶನಿವಾರ ಒಂದೆರಡು ಪೆಗ್ ಕೂಡ. ಮೊನ್ನೆ ಮಗಳು ಚೌಕಾಬಾರ ಆಡೋಣ ಬಾ ಎಂದು ಕರೆದಳು. ಕವಡೆಗಳನ್ನು ಎತ್ತಿ ಎಸೆದುಬಿಟ್ಟೆ. ಬೆಳಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಎಂದು ಕೆಲವು ಸಲ ಅನ್ನಿಸುತ್ತದೆ. ಮೇಲಧಿಕಾರಿಗಳಿಗೆ ಹೇಳಿಕೊಂಡರೆ ಪ್ರಾಣಾಯಾಮ ಮಾಡಿ ಎನ್ನುತ್ತಾರೆ. ನನ್ನ ತಂದೆಯೂ ಬ್ಯಾಂಕ್ ಗುಮಾಸ್ತರೇ, ನಗುನಗುತ್ತಾ ನಿವೃತ್ತರಾದರು. ನಾನೇ ಕೈಲಾಗದವನೇ? ಕೆಲಸ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಬೇರೆ ಮಾತುಗಳ ನಡುವೆ ಸಿಕ್ಕಿಸಿದಂತೆ ಒಂದು ಸಾಲು ಬರೆದಿದ್ದೀರಿ: ಬೆಳಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಎಂದು. ನನ್ನ ಮುಂದೆ ಕುಳಿತವರು ಇಂಥ ಮಾತನ್ನು ನಗುತ್ತಲೇ ಹೇಳಿ, 'ಹಾಗೆ ಸುಮ್ಮನೆ ಅಂದೆ ಡಾಕ್ಟರೇ' ಎಂದು ಮುಂದಿನ ವಿಷಯಕ್ಕೆ ಹೋಗಲು ನೋಡುತ್ತಾರೆ. ನಾನು ಬಿಡುವುದಿಲ್ಲ. ಇದು ಸಾಯಬೇಕೆಂಬ ಹಂಬಲಕ್ಕಿಂತ, ನಾಳೆಯ ಹಗಲು ಬೇಡ ಎನ್ನುವ ದಣಿವು ಇರಬಹುದು. ಆದರೂ ಅದನ್ನು ಒಬ್ಬರೇ ಹೊತ್ತುಕೊಂಡು ತಿರುಗಬೇಡಿ. ಈ ಸಾಲನ್ನು ಇದ್ದ ಹಾಗೆಯೇ ಇವತ್ತು ರಾತ್ರಿ ಹೆಂಡತಿಗೆ ಹೇಳಿ. ಎಂದಾದರೂ ಆ ಯೋಚನೆ 'ಹೇಗೆ', 'ಯಾವಾಗ' ಎನ್ನುವ ಕಡೆಗೆ ತಿರುಗಿತೆಂದರೆ ಆ ಗಂಟೆಯಲ್ಲೇ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಎರಡನೆಯದು ಮಾತ್ರೆ. ಅಲ್ಪ್ರಜೋಲಮ್ ಕೆಟ್ಟ ಔಷಧವೇನೂ ಅಲ್ಲ. ಆದರೆ ಸ್ನೇಹಿತರು ಕೊಡುವಂಥದ್ದೂ ಅಲ್ಲ. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಅದೇ ಪ್ರಮಾಣಕ್ಕೆ ಅಷ್ಟು ನಿದ್ದೆ ಬರುವುದಿಲ್ಲ, ಬಿಟ್ಟರೆ ಬರುತ್ತಿದ್ದ ನಿದ್ದೆಯೂ ಹೋಗುತ್ತದೆ. ಇದನ್ನು ಓದಿ ಹೆದರಿ ಇವತ್ತೇ ನಿಲ್ಲಿಸಬೇಡಿ. ಮೂರು ತಿಂಗಳು ದಿನಾ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ನಡುಕ, ಎದೆಬಡಿತ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ಹಂತಹಂತವಾಗಿ ಇಳಿಸಬೇಕು. ಇವತ್ತೇ ನಿಲ್ಲಿಸಬೇಕಾದದ್ದು ಶನಿವಾರದ ಪೆಗ್. ಮದ್ಯ ಮತ್ತು ಈ ಮಾತ್ರೆ ಎರಡೂ ಉಸಿರಾಟವನ್ನು ನಿಧಾನ ಮಾಡುವಂಥವು. ಒಟ್ಟಿಗೆ ಸೇರಿದರೆ ಅಪಾಯ. ಅದಿಲ್ಲದಿದ್ದರೂ ಮದ್ಯದ ನಿದ್ದೆ ಅರ್ಧ ರಾತ್ರಿಯದ್ದು. ಉಳಿದರ್ಧವನ್ನು ಅದೇ ಕಿತ್ತುಕೊಳ್ಳುತ್ತದೆ.

ಈಗ ನೀವು ಕೈಲಾಗದವರೇ ಎನ್ನುವ ಮಾತು.

ಕನ್ನಡದಲ್ಲಿ ಹೊಟ್ಟೆಗೂ ಮನಸ್ಸಿಗೂ ಒಂದೇ ಪದವಿದೆ: ಸಂಕಟ. ನೀವೂ ಅದನ್ನೇ ಬರೆದಿದ್ದೀರಿ. ಬೆದರಿಕೆಯ ಸುಳಿವು ಸಿಕ್ಕಿದೊಡನೆ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಹಿಂದೆಯೇ ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತವೆ. ಹೃದಯ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಜೀರ್ಣಾಂಗಗಳಿಗೆ ಹೋಗಬೇಕಾದ ರಕ್ತ ಕೈಕಾಲಿನ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೋರಿ ಅಟ್ಟಿಸಿಕೊಂಡು ಬಂದಾಗ ಇದು ಜೀವ ಉಳಿಸುತ್ತದೆ. ಹೋರಿ ಹೋದ ಮೇಲೆ ಇಳಿಯುತ್ತದೆ ಕೂಡ. ಇಳಿಯದೆ ಉಳಿದರೆ ದೇಹ ಹಣ್ಣಾಗುತ್ತದೆ ಎಂದು ಇಲಿಗಳಲ್ಲಿ ಗಮನಿಸಿ 1936ರಲ್ಲಿ ಮೊದಲು ವರದಿ ಮಾಡಿದವರು ವಿಜ್ಞಾನಿ ಹ್ಯಾನ್ಸ್ ಸೆಲ್ಯೆ. ನಿಮ್ಮ ಭಾನುವಾರದ ಮಧ್ಯಾಹ್ನದಲ್ಲಿ ಹೋರಿ ಎಲ್ಲೂ ಇಲ್ಲ. ಸೋಮವಾರದ ನೆನಪಷ್ಟೇ ಇದೆ. ದೇಹಕ್ಕೆ ಅಷ್ಟೇ ಸಾಕು. ರಾತ್ರಿ ಮೂರರ ಎಚ್ಚರಕ್ಕೂ ಕಾರಣವುಂಟು. ಕಾರ್ಟಿಸಾಲ್ ಬೆಳಗಿನ ಜಾವಕ್ಕೆ ಎಲ್ಲರಲ್ಲೂ ತಾನಾಗಿಯೇ ಏರತೊಡಗುತ್ತದೆ. ನಿಮ್ಮ ತಳಮಟ್ಟವೇ ಎತ್ತರದಲ್ಲಿದ್ದರೆ ಆ ಸಣ್ಣ ಏರಿಕೆಗೇ ಎಚ್ಚರವಾಗಬಹುದು. ಒಂದು ಎಚ್ಚರಿಕೆ: ನಸುಕಿಗೆ ಮುಂಚೆಯೇ ನಿದ್ದೆ ಒಡೆಯುವುದು ಖಿನ್ನತೆಯ ಲಕ್ಷಣವೂ ಹೌದು.

ಹೊರೆ ಹೆಚ್ಚಾದ ಮಾತ್ರಕ್ಕೆ ಮನುಷ್ಯ ಕುಸಿಯುವುದಿಲ್ಲ. ನನ್ನಲ್ಲಿಗೆ ಬಂದ ಇನ್ನೊಬ್ಬ ವ್ಯವಸ್ಥಾಪಕರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಂದು ವಾರ ಜೇಬಿನಲ್ಲಿ ಚೀಟಿ ಇಟ್ಟುಕೊಳ್ಳಿ, ಎದೆ ಬಿಗಿದಾಗಲೆಲ್ಲ ಸಮಯ ಮತ್ತು ಆಗ ನಡೆಯುತ್ತಿದ್ದದ್ದನ್ನು ಎರಡೇ ಪದದಲ್ಲಿ ಬರೆಯಿರಿ ಎಂದಿದ್ದೆ. ಅವರು ತಂದದ್ದು ಹಳೆಯ ಚಲನ್‌ಗಳ ಹಿಂಬದಿ. ಸರ್ವರ್ ಡೌನ್ ಆಗಿ ಪಾಸ್‌ಬುಕ್ ಹಿಡಿದ ನಲವತ್ತು ಜನ ಬಾಗಿಲವರೆಗೆ ನಿಂತ ದಿನ ಏನೂ ಬರೆದಿರಲಿಲ್ಲ. ಬೆಳೆ ಸಾಲ ನವೀಕರಣಕ್ಕೆ ಪಹಣಿ ತಂದ ರೈತರೊಬ್ಬರು ಮೇಜು ಗುದ್ದಿ ಕೂಗಾಡಿದ್ದರು, ಅದೂ ಇರಲಿಲ್ಲ. ಕ್ಯಾಷ್‌ನಲ್ಲಿ 500 ರೂಪಾಯಿ ಕಡಿಮೆ ಬಂದದ್ದಕ್ಕೆ ಒಂದು ಸಣ್ಣ ಗುರುತಷ್ಟೇ. ಆದರೆ ಐದೂ ದಿನ 5.40ರ ಆಸುಪಾಸಿಗೆ ಒಂದೇ ಪದ: ಪಟ್ಟಿ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಇನ್ನೊಂದು: ಅಜ್ಜಿ.

ಅಜ್ಜಿ ಯಾರು ಎಂದು ಕೇಳಿದೆ. ಸಂಧ್ಯಾ ಸುರಕ್ಷಾ ಪಿಂಚಣಿ ಬಿಡಿಸಿಕೊಳ್ಳಲು ಬಂದವರಂತೆ. ಗುರಿ ಮುಟ್ಟಲು ಒಂದು ಪಾಲಿಸಿ ಕಡಿಮೆಯಿತ್ತು, ಆಕೆಯ ಬಳಿ ಎಲ್ಲಿ ಏನು ಎಂದು ತಿಳಿಸದೆ ಹೆಬ್ಬೆಟ್ಟು ಒತ್ತಿಸಿಕೊಂಡರು. 'ಒಳ್ಳೇದಾಗಲಿ ಮಗಾ ಎಂದು ಹೇಳಿ ಹೋದರು ಡಾಕ್ಟರೇ' ಎನ್ನುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಗುರುವಾರ ಆಕೆ ಮತ್ತೆ ಬಂದಿದ್ದರು, ದುಡ್ಡು ಯಾಕೆ ಕಡಿಮೆಯಾಯಿತು ಎಂದು ಕೇಳಲು.

ಜನರ ನೂಕುನುಗ್ಗಲನ್ನೂ ಬೈಗುಳವನ್ನೂ ತಡೆದುಕೊಂಡ ಮನುಷ್ಯ ಎರಡು ಕಡೆ ಕುಸಿದಿದ್ದರು: ಹತ್ತು ಜನರ ಮುಂದೆ ಹೆಸರು ಕೆಂಪಗಾದಾಗ, ಮತ್ತು ತಮ್ಮ ಮನಸ್ಸಿಗೆ ಒಪ್ಪದ್ದನ್ನು ತಮ್ಮ ಕೈಯಿಂದಲೇ ಮಾಡಿದಾಗ. ಒಂದು ಅವಮಾನ, ಇನ್ನೊಂದು ಪಾಪಪ್ರಜ್ಞೆ. ಎರಡನ್ನೂ ನಾವು ಸಲೀಸಾಗಿ 'ಕೆಲಸದ ಒತ್ತಡ' ಎಂದು ಕರೆದು ಮುಗಿಸುತ್ತೇವೆ. ಆಗ ಮದ್ದೂ ತಪ್ಪುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಗುರಿಯ ಲೆಕ್ಕದಲ್ಲಿ ಇರುವ ದೋಷಕ್ಕೆ ವ್ಯವಸ್ಥಾಪಕನ ಮೂಗಿನ ಹೊಳ್ಳೆಗೆ ಪ್ರಾಣಾಯಾಮದ ಚಿಕಿತ್ಸೆ.

ಇದಕ್ಕೆ ಹಳೆಯ ಆಧಾರವಿದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 1967ರಿಂದ ಅಧ್ಯಯನ ಮಾಡಿದ ವೈಟ್‌ಹಾಲ್ ಸಂಶೋಧನೆ ಹೃದ್ರೋಗದ ಸಾವು ದೊಡ್ಡ ಸಾಹೇಬರಲ್ಲಿ ಹೆಚ್ಚು ಎಂಬ ಊಹೆಯನ್ನು ತಲೆಕೆಳಗು ಮಾಡಿತು. ಕೆಳಗಿನ ದರ್ಜೆಗೆ ಇಳಿದಷ್ಟೂ ಸಾವು ಹೆಚ್ಚಿತ್ತು. ಬೀಡಿ ಸಿಗರೇಟು, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ಸಂಶೋಧಕರು ಇದರ ಒಂದು ಎಳೆಯನ್ನು ಹಿಡಿದುಕೊಟ್ಟರು: ಕೆಲಸ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂಬ ಸ್ವಾತಂತ್ರ್ಯ ಕಡಿಮೆಯಿದ್ದರೆ ಮನುಷ್ಯ ಹಿಂಡಿ ಹೋಗುತ್ತಾನೆ, ಅಷ್ಟೇ ಕೆಲಸ, ಕೈಯಲ್ಲಿ ಹಿಡಿತವಿದ್ದರೆ, ಹುರುಪು ಕೊಡಬಹುದು. ನಿಮ್ಮ ಹುದ್ದೆ ನೋಡಿ. ಊರಿಗೆ ನೀವು ಸಾಹೇಬರು, ಪ್ರಾದೇಶಿಕ ಕಚೇರಿಗೆ ಕೂಲಿಯಾಳು. ಹೊಣೆ ಸಾಹೇಬನದ್ದು, ಹಿಡಿತ ಕೂಲಿಯದ್ದು. ಇದಕ್ಕಿಂತ ಕೆಟ್ಟ ಜೋಡಣೆ ಕಷ್ಟ.

ನಿಮ್ಮ ತಂದೆಯವರೊಂದಿಗಿನ ಹೋಲಿಕೆಗೂ ಇಲ್ಲೇ ಉತ್ತರವಿದೆ. ಅವರ ಕಾಲದಲ್ಲಿ ಕಷ್ಟವಿರಲಿಲ್ಲ ಎಂದಲ್ಲ. ಒಂದು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿಯವರೆಗೆ ಲೆಡ್ಜರ್ ತಿರುವಿದ ಕಥೆ ಅವರಲ್ಲೂ ಇರುತ್ತದೆ. ಆದರೆ ಲೆಡ್ಜರ್ ಮುಚ್ಚಿದರೆ ಮುಚ್ಚಿತು. ಅದು ಅವರ ಹಿಂದೆ ಮನೆಗೆ ಬಂದು ದಿಂಬಿನ ಪಕ್ಕ ಮಲಗಿ ಟಿಣ್ ಎನ್ನುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಆ ಚೀಟಿ. ಒಂದು ವಾರ ಬರೆಯಿರಿ. ನಿಮ್ಮ 'ಪಟ್ಟಿ' ಯಾವುದು, 'ಅಜ್ಜಿ' ಯಾರು ಎಂಬುದು ತಿಳಿಯದೆ ನಾನು ಕೊಡುವ ಸಲಹೆಯೆಲ್ಲ ಗಾಳಿಗೆ ಗುದ್ದಿದಂತೆ.

ಪಟ್ಟಿಯ ಮಾತು. ಸಂದೇಶ ಬರುವುದನ್ನು ನೀವು ತಡೆಯಲಾರಿರಿ, ಅದನ್ನು ಯಾವಾಗ ನೋಡಬೇಕೆಂಬುದು ಒಂದಷ್ಟು ನಿಮ್ಮ ಕೈಯಲ್ಲಿದೆ. ಆ ಗುಂಪಿನ ಸದ್ದು ಅಡಗಿಸಿ, ದಿನಕ್ಕೆ ಮೂರು ಹೊತ್ತು ತೆರೆಯಿರಿ, ಕೊನೆಯದು ಶಾಖೆಯಿಂದ ಹೊರಡುವ ಮುಂಚೆ. ತುರ್ತಿದ್ದರೆ ಕರೆ ಮಾಡುತ್ತಾರೆ. ಮಾಡುವವರು ಈಗಲೂ ಮಾಡುತ್ತಿದ್ದಾರಲ್ಲ. ರಾತ್ರಿ ಫೋನು ಮಲಗುವ ಕೋಣೆಯಲ್ಲಿ ಬೇಡ, ಅಲಾರಂಗೆ 200 ರೂಪಾಯಿಯ ಗಡಿಯಾರ ತನ್ನಿ. ಮತ್ತೆ ಒಂದು ಕಹಿ ಮಾತು: ಆ ಕೆಂಪು ಪಟ್ಟಿಯನ್ನು ನೀವು ನಿಮ್ಮ ಶಾಖೆಯ ಗುಂಪಿಗೆ ಇದ್ದ ಹಾಗೆಯೇ ರವಾನಿಸುತ್ತೀರಾ? ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ. ನಿಮ್ಮ ಕೆಳಗಿನ ಇಬ್ಬರಿಗೆ ಸಂಜೆ 5.40ಕ್ಕೆ ಎದೆ ಬಿಗಿಯುತ್ತಿದ್ದರೆ ಅವರ ಚೀಟಿಯಲ್ಲಿ ನಿಮ್ಮ ಹೆಸರಿರುತ್ತದೆ. ಇದು ನಿಮ್ಮ ಹಿಡಿತದಲ್ಲಿರುವ ಸಂಗತಿ, ನಾಳೆಯೇ ನಿಲ್ಲಿಸಬಹುದು.

ಮೇಲಧಿಕಾರಿಗಳ ಹತ್ತಿರ 'ಒತ್ತಡ ಜಾಸ್ತಿ ಸರ್' ಎಂದರೆ ಪ್ರಾಣಾಯಾಮವೇ ಸಿಗುವುದು, ಏಕೆಂದರೆ ಆ ಮಾತಿಗೆ ಅವರು ಮಾಡಬಹುದಾದದ್ದೇನೂ ಇಲ್ಲ. ಉತ್ತರ ಕೊಡಲೇಬೇಕಾದ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕೇಳಿ: 'ಶಾಖೆಯಲ್ಲಿ ಮೂವರಿದ್ದೇವೆ. ಈ ವಾರ ವಸೂಲಾತಿಗೆ ಹಳ್ಳಿಗೆ ಹೋದರೆ ಎರಡು ದಿನ ಕೌಂಟರ್‌ಗೆ ಒಬ್ಬರು ಕಡಿಮೆ. ವಸೂಲಾತಿ, ಚಿನ್ನದ ಸಾಲ ಎರಡರಲ್ಲಿ ಮೊದಲು ಯಾವುದು ಎಂದು ತಿಳಿಸಬೇಕು.' ಉತ್ತರ ಬಂದರೆ ನಿಮಗೆ ದಾರಿ ಸಿಕ್ಕಿತು. ಬಾರದಿದ್ದರೆ ದಾಖಲೆ ಉಳಿಯಿತು. ಇದರಿಂದ ಗುರಿ ಇಳಿದುಬಿಡುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಎಲ್ಲವನ್ನೂ ನಾನೇ ಮಾಡಬೇಕಿತ್ತು ಎಂಬ ಭಾರ ಎರಡು ಪಾಲಾಗುತ್ತದೆ. ಅಧಿಕಾರಿಗಳ ಸಂಘದ ಮೂಲಕ ಸಿಬ್ಬಂದಿ ಕೊರತೆಯ ಮಾತೆತ್ತುವುದು ನಿಧಾನದ ದಾರಿ, ಆದರೂ ಅದೇ ಸರಿಯಾದ ದಾರಿ. ಮೂವರ ಹೆಗಲ ಮೇಲೆ ಐವರ ಹೊರೆಗೆ ಯಾವ ಆಸನವೂ ಪರಿಹಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ನಿಮ್ಮ 150/96ರ ಪಕ್ಕದಲ್ಲಿಟ್ಟು ಇದನ್ನು ಓದಿಕೊಳ್ಳಿ.

ಅಜ್ಜಿಯ ವಿಷಯದಲ್ಲಿ ಮಾತ್ರ ನಾನು ವೈದ್ಯನ ತಟಸ್ಥತೆ ಬಿಡುತ್ತೇನೆ. ನೀವು ವಿಮೆಯ ಗುರಿಯನ್ನು ಹೆಸರಿಸಿ ಮುಂದೆ ಹೋಗಿದ್ದೀರಿ, ಅದರ ಹಿಂದೆ ಏನಾದರೂ ಇದ್ದರೆ ನಿಮಗೇ ಗೊತ್ತು. ಬೇಡವೆನ್ನುವವರಿಗೆ ವಿಮೆ ಗಂಟು ಹಾಕುವಂತಿಲ್ಲ ಎಂಬುದು ನಿಯಮವೇ. ಹಾಗಾಗಿ 'ತಿಳಿಸಿ ಹೇಳದೆ ಒಂದು ಪಾಲಿಸಿಯನ್ನೂ ಮಾಡುವುದಿಲ್ಲ' ಎಂಬ ಗೆರೆಯನ್ನು ನೀವು ಎಳೆದುಕೊಂಡರೆ ನಿಯಮ ನಿಮ್ಮ ಕಡೆಗಿರುತ್ತದೆ. ನಾನು ಹೇಳಿದ ವ್ಯವಸ್ಥಾಪಕರು ಆ ಪಾಲಿಸಿ ರದ್ದು ಮಾಡಿಸಿ ಅಜ್ಜಿಯ ದುಡ್ಡು ವಾಪಸು ಹಾಕಿಸಿದರು. ಪಾಲಿಸಿ ಕೈಸೇರಿದ ಮೇಲೂ ಬೇಡವೆನ್ನಲು ಒಂದು ಅವಧಿ ಇರುತ್ತದೆ, ಅದರೊಳಗೇ ಮುಗಿಸಿದರು. ಆ ವಾರವೂ ಅವರ ಹೆಸರು ಕೆಂಪಿನಲ್ಲೇ ಇತ್ತು. ನಿದ್ದೆ ಮಾತ್ರ ಬಂತು.

ದಿನದ ಕೊನೆಗೆ ಬರೋಣ. ಡೇ ಎಂಡ್ ಮಾಡದೆ ನೀವು ಶಾಖೆಗೆ ಬೀಗ ಹಾಕುವುದಿಲ್ಲ. ಕ್ಯಾಷ್ ಟ್ಯಾಲಿ ಆಗಬೇಕು, ವೋಚರ್ ಕೂಡಬೇಕು. ತಲೆಗೆ ಆ ಪದ್ಧತಿಯಿಲ್ಲ. ಹತ್ತು ಎಂಟ್ರಿ ಅರ್ಧಕ್ಕೇ ಬಿಟ್ಟು ಮನೆಗೆ ಹೋಗುತ್ತದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಕಾಡುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಮಗೆ ಇನ್ನೂ ಉಪಯುಕ್ತ: ಕೆಲಸ ಮುಗಿಯಲೇಬೇಕೆಂದಿಲ್ಲ, ಯಾವಾಗ ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಕಾಟ ಇಳಿಯುತ್ತದೆ. ಹೊರಡುವ ಮುಂಚೆ ಹತ್ತು ನಿಮಿಷ, ಕಾಗದದ ಮೇಲೆ: ಬಾಕಿ ಉಳಿದದ್ದು ಯಾವುದು, ನಾಳೆ ಎಷ್ಟು ಗಂಟೆಗೆ, ಮೊದಲ ಹೆಜ್ಜೆ ಏನು. 'ವಸೂಲಾತಿ ನೋಡಬೇಕು' ಎಂದು ಬರೆದರೆ ಕೆಲಸಕ್ಕೆ ಬಾರದು. 'ನಾಳೆ 10.15, ಮೂರು ಖಾತೆಗೆ ಫೋನು' ಎಂದು ಬರೆಯಿರಿ. ಕಾಗದ ಡ್ರಾಯರ್‌ನಲ್ಲಿ, ಬೀಗದ ಕೈ ಜೇಬಿನಲ್ಲಿ.

ಪ್ರಾಣಾಯಾಮವನ್ನು ಹೀಗಳೆದೆ ಎಂದುಕೊಳ್ಳಬೇಡಿ. ಉಸಿರನ್ನು ನಿಮಿಷಕ್ಕೆ ಆರರ ಹತ್ತಿರ ಇಳಿಸಿ, ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿದರೆ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಹೃದಯದ ಓಟ ನಿಧಾನವಾಗುತ್ತದೆ. ಐದು ನಿಮಿಷ ಸಾಕು, ಸ್ಟ್ರಾಂಗ್ ರೂಮಿನ ಪಕ್ಕದ ಕುರ್ಚಿಯಲ್ಲೂ ಆಗುತ್ತದೆ. ರಿವ್ಯೂ ಮೀಟಿಂಗ್ ಮುಗಿದ ಕೂಡಲೇ ಮಾಡಿ, ಗೇರು ಇಳಿಯುತ್ತದೆ. ಸಂಜೆ ಮನೆಗೆ ಹೋಗುವ ಮುಂಚೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಇನ್ನೂ ಒಳ್ಳೆಯದು, ನಿದ್ದೆಗೂ ಬಿಪಿಗೂ. ಮಧ್ಯಾಹ್ನ ಮೂರರ ಮೇಲೆ ಕಾಫಿ, ಟೀ ನಿಲ್ಲಿಸಿ.

ರಜೆಯ ವಿಷಯದಲ್ಲಿ ಬ್ಯಾಂಕಿನವರಿಗೆ ಇರುವ ಒಂದು ಅನುಕೂಲ ಬೇರೆಯವರಿಗಿಲ್ಲ. ಸೂಕ್ಷ್ಮ ಹುದ್ದೆಗಳಲ್ಲಿ ಇರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ಕಡ್ಡಾಯ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 2021ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಆ ಅವಧಿಯಲ್ಲಿ ಕಚೇರಿಯ ಸಾಮಾನ್ಯ ಇಮೇಲ್ ಬಿಟ್ಟು ಕೆಲಸಕ್ಕೆ ಸಂಬಂಧಪಟ್ಟ ಯಾವುದನ್ನೂ ಮುಟ್ಟುವಂತಿಲ್ಲ. ವಂಚನೆ ಹಿಡಿಯಲು ಮಾಡಿದ ನಿಯಮ ಇದು. ಮನೋವೈದ್ಯರು ಕುಳಿತು ಬರೆದಿದ್ದರೂ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸುವುದುಂಟು. ನಿಮ್ಮ ಹುದ್ದೆ ನಿಮ್ಮ ಬ್ಯಾಂಕಿನ ಸೂಕ್ಷ್ಮ ಹುದ್ದೆಗಳ ಪಟ್ಟಿಯಲ್ಲಿ ಇದೆಯೇ ನೋಡಿ. ಇದ್ದು, ಈ ವರ್ಷ ಆ ರಜೆ ಸಿಗದಿದ್ದರೆ ಕೇಳಿ.

ಕೆಲಸ ಬಿಡಲೇ ಎಂದಿರಿ. ಈಗ ಬೇಡ. ಬಿಡಲೇಬಾರದು ಎಂದು ನಾನು ಹೇಳುತ್ತಿಲ್ಲ. ನಿದ್ದೆಗೆಟ್ಟ ತಲೆಗೆ ಎಲ್ಲ ಬಾಗಿಲೂ ಮುಚ್ಚಿದಂತೆಯೇ ಕಾಣುತ್ತದೆ, ಆಗ ಕಂಡ ಮೊದಲ ಕಿಂಡಿಯಿಂದ ಹಾರುವುದು ಬೇಡ. ಮೂರು ತಿಂಗಳು ಚಿಕಿತ್ಸೆಯಾಗಲಿ. ವರ್ಗಾವಣೆ, ಆಡಳಿತ ಕಚೇರಿಯ ಹುದ್ದೆ, ಇಂಥ ನಡುವಿನ ದಾರಿಗಳೂ ಇವೆ. ಬಳಲಿ ಬೆಂಡಾಗಿ ಕೆಲಸದ ಮೇಲೆ ಜಿಗುಪ್ಸೆ ಹುಟ್ಟುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಪರಿಷ್ಕರಣೆಯಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ದಾಖಲಿಸಿದೆ, ರೋಗ ಎಂದು ಕರೆದಿಲ್ಲ. ಖಿನ್ನತೆ ಬೇರೆ. ರಜೆ ಹಾಕಿ ಊರಿಗೆ ಹೋದರೆ ಬಳಲಿಕೆ ಒಂದಷ್ಟು ಇಳಿಯುತ್ತದೆ. ಖಿನ್ನತೆ ನಿಮ್ಮ ಜೊತೆಗೇ ಬಸ್ಸು ಹತ್ತುತ್ತದೆ. ಎರಡು ವಾರ ಮೀರಿ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕಪ್ಪಾಗಿದ್ದು, ಮೊದಲು ಇಷ್ಟವಿದ್ದದ್ದು ಯಾವುದೂ ರುಚಿಸದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ನಿಮ್ಮ ಪತ್ರ ಓದಿದರೆ ನೀವು ಆ ಗಡಿಯ ಮೇಲೆ ಇದ್ದಂತೆ ಕಾಣುತ್ತದೆ, ನೋಡದೆ ಹೇಳಲಾರೆ.

ಮಗಳ ವಿಷಯಕ್ಕೆ ಬರುತ್ತೇನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದು ಎಲ್ಲ ಮನೆಯಲ್ಲೂ ನಡೆಯುವುದೇ. ಆದರೆ ತಾನೇನೋ ತಪ್ಪು ಮಾಡಿದೆ ಎಂದು ಮಕ್ಕಳು ನಂಬಿಬಿಡುತ್ತಾರೆ. 'ಅಪ್ಪನಿಗೆ ಆಫೀಸಿನ ಮೇಲೆ ಸಿಟ್ಟಿತ್ತು, ನಿನ್ನ ಮೇಲಲ್ಲ, ಎಸೆದದ್ದು ತಪ್ಪು' ಎಂದು ಅವಳ ಪಕ್ಕ ಕುಳಿತು ಹೇಳಿ. ಕವಡೆಗಳನ್ನು ನೀವೇ ಹುಡುಕಿ ತೆಗೆಯಿರಿ.

ವೈದ್ಯರು ಎಲ್ಲಿ ಸಿಗುತ್ತಾರೆ ಎಂದು ಕೇಳಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬಿದ್ದೇ ನಮ್ಮ ಬಳ್ಳಾರಿಯ ಮಾದರಿಯಿಂದ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಬರುವ ಏರ್ಪಾಡಿದೆ, ನಿಮ್ಮೂರಿಗೆ ಯಾವ ಮಂಗಳವಾರ ಎಂದು ವಿಚಾರಿಸಿ. ಊರಿನವರು ನೋಡಿಯಾರು ಎಂಬ ಅಳುಕಿದ್ದರೆ ಪಕ್ಕದ ಜಿಲ್ಲೆಗೆ ಹೋಗಿ, ಅದರಲ್ಲೇನೂ ತಪ್ಪಿಲ್ಲ. ಹೋಗುವ ಮುಂಚೆ ಒಂದು ವಾರ ಬೆಳಗ್ಗೆ ಸಂಜೆ ಬಿಪಿ ಅಳೆದು ಬರೆದಿಟ್ಟುಕೊಳ್ಳಿ. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್ಪನ್ನೂ ಆ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಹೆಂಡತಿಯೂ ಬರಲಿ. ನಿಮ್ಮ ನಿದ್ದೆಯ ಬಗ್ಗೆ ನಿಮಗಿಂತ ಹೆಚ್ಚು ಅವರಿಗೆ ಗೊತ್ತಿರುತ್ತದೆ.